ಸೋರಿಕೆ ಇಲ್ಲ

ಪಾತ್ರೆ ತೊಳೆಯುವ ತೊಟ್ಟಿ ತುಂಬಿ, ನೀರು ಕಟ್ಟೆಯ ಮೇಲೆ ಹರಿದು, ಅಲ್ಲಿಂದ ನೆಲಕ್ಕಿಳಿದು ಹಿಮ್ಮಡಿಯನ್ನು ಮುಟ್ಟಿದಾಗಲೇ ಕಿವಿಯಣ್ಣನಿಗೆ ತಾನು ನಲ್ಲಿ ನಿಲ್ಲಿಸಿಲ್ಲವೆಂಬುದು ತಿಳಿದದ್ದು. ಅಷ್ಟು ಹೊತ್ತೂ ಅವನು ನಲ್ಲಿಗೆ ಬೆನ್ನು ಹಾಕಿ, ಮೂರಡಿ ದೂರದಲ್ಲಿ ನಿಂತು ಪತ್ರಿಕೆ ಓದುತ್ತಿದ್ದ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಆ ಬೇಸಿಗೆಯಲ್ಲಿ ಅವಳು ಮನೆಯ ನೀರನ್ನು ಲೋಟದ ಲೆಕ್ಕದಲ್ಲಿ ಆಳುತ್ತಿದ್ದವಳು. ತರಕಾರಿ ತೊಳೆದ ನೀರು ನೆಲ ಒರೆಸಲು, ನೆಲ ಒರೆಸಿದ ನೀರು ಕಕ್ಕಸಿಗೆ. ಸ್ನಾನ ಮಾಡುವಾಗ ಕಾಲಡಿಗೆ ಟಬ್ ಇಟ್ಟುಕೊಳ್ಳದಿದ್ದರೆ ಗಂಡನಾದರೂ ಬಿಡುತ್ತಿರಲಿಲ್ಲ. ಅಂಥವಳು ಎರಡು ಬಕೆಟ್ ನೀರು ನೆಲದ ಪಾಲಾದದ್ದನ್ನು ಕಂಡೂ ಬಾಯಿ ಮಾಡಲಿಲ್ಲ. ಬಂದು ನಲ್ಲಿ ನಿಲ್ಲಿಸಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ವಾಸಿ ಅನ್ನಿಸುತ್ತಿತ್ತು.

"ಕೇಳಿಸ್ಲಿಲ್ವಾ?"

"ಏನೋ ಯೋಚನೇಲಿದ್ದೆ ಕಣೇ."

"ಹಂಗೇ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ."

"ಯಾಕೆ?"

"ನಿಂತ್ಕೊಳ್ಳಿ ಅಂದೆ."

ನಿಂತ. ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಅದರಲ್ಲಿ ನೀರು ಬರುವ ದಿನಗಳಿಗೆ ಅವಳು ಹಾಕಿದ ಸುತ್ತು. ಅವನು ಆ ಸುತ್ತುಗಳನ್ನು ನೋಡುತ್ತ ಮೈಯೆಲ್ಲ ಕಿವಿಯಾಗಿ ಕಾದ. ಹೆಗಲ ಮೇಲೆ ಅವಳ ಬೆರಳು ಬಿತ್ತು. ಅವನು ಅರ್ಧ ತಿರುಗಿದಾಗ ಅವಳು ಅವನ ಮುಖಕ್ಕೆ ಮುಖ ಕೊಟ್ಟು ಕೇಳಿದಳು: "ಈಗ ನಲ್ಲಿ ಬರ್ತಿದ್ಯೋ, ನಿಂತಿದ್ಯೋ?"

"ನಿಂತಿದೆ," ಎಂದ ಕಿವಿಯಣ್ಣ.

ಅವಳು ಪಕ್ಕಕ್ಕೆ ಸರಿದಳು. ಬಕೆಟ್ಟಿಗೆ ನೀರು ಹೆಬ್ಬೆರಳು ದಪ್ಪ ಬೀಳುತ್ತಿತ್ತು.

"ನನಗೆ ಹೋದ ವರ್ಷದಿಂದ ಅನುಮಾನ," ಎಂದಳು. "ಬೆನ್ನ ಹಿಂದೆ ಕರೆದ್ರೆ ನೀವು ತಿರುಗಲ್ಲ. ನನ್ನ ತುಟಿ ನೋಡ್ಕೊಂಡು ಮಾತಾಡ್ತೀರಿ. ನನ್ನ ಹತ್ರ ಆಯ್ತು ಬಿಡಿ, ನಡೆಯುತ್ತೆ. ಕೆಲಸದಲ್ಲಿ ಏನ್ರೀ ಮಾಡ್ತಿದ್ದೀರಿ?"

ಕಿವಿಯಣ್ಣ ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳದೆ ಒಂದೂವರೆ ವರ್ಷ ತಳ್ಳಿದವನು ಅವನು.

ಏಕೆಂದರೆ ಅವನ ಕೆಲಸವೇ ಕೇಳುವುದು. ನೀರು ಮಂಡಳಿಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಅವನು ನೆಲದೊಳಗಿನ ಸೋರಿಕೆ ಹಿಡಿಯುವವನು. ಎದೆಮಟ್ಟದ ಒಂದು ಕಬ್ಬಿಣದ ಸರಳು, ಅದರ ತಲೆಗೊಂದು ದುಂಡನೆಯ ಮರದ ಗುಬ್ಬಿ. ಸರಳಿನ ಮೊನೆಯನ್ನು ನೆಲಕ್ಕೂರಿ ಗುಬ್ಬಿಗೆ ಕಿವಿ ಒತ್ತಿದರೆ, ಕೆಳಗೆಲ್ಲೋ ಒಡೆದ ಪೈಪಿನಿಂದ ನುಗ್ಗುವ ನೀರಿನ ಸದ್ದು ಮೇಲೆ ಬರುತ್ತದೆ. ಬರುತ್ತಿತ್ತು. ನಾಲ್ಕಡಿ ಆಳದ ಬಿರುಕನ್ನು ಒಂದು ಗೇಣಿನ ಲೆಕ್ಕದಲ್ಲಿ ತೋರಿಸುತ್ತಿದ್ದನೆಂದೇ ಅವನಿಗೆ ಆ ಹೆಸರು ಬಿದ್ದದ್ದು. ನಿಜವಾದ ಹೆಸರು ಮಂಡಳಿಯ ಕಡತದಲ್ಲಿ ಮಾತ್ರ ಇತ್ತು. ಇದೇ ಕೆಲಸಕ್ಕೆ ಒಂದು ಯಂತ್ರವೂ ಇತ್ತು. ಊರಿಗೆಲ್ಲ ಒಂದೇ ಆದ್ದರಿಂದ ಅದು ದೊಡ್ಡ ಪೈಪುಗಳ ಹಿಂದೆಯೇ ಅಲೆಯುತ್ತಿತ್ತು. ಮನೆಮನೆಯ ಸಾಲಿಗೆ ಕಿವಿಯಣ್ಣನೇ ಗತಿ. ಅವನು "ಇಲ್ಲಿ" ಎಂದರೆ ಅಗೆಯುತ್ತಿದ್ದರು. ಪುಸ್ತಕದಲ್ಲಿ "ಸೋರಿಕೆ ಇಲ್ಲ" ಎಂದು ಬರೆದು ರುಜು ಹಾಕಿದರೆ ಅಲ್ಲಿಗೆ ಮುಗಿಯಿತು, ಗುದ್ದಲಿ ಮುಟ್ಟುವಂತಿಲ್ಲ.

ಮಳೆ ಕೈಕೊಟ್ಟ ಆ ವರ್ಷ ಕಿವಿಯಣ್ಣನ ಆ ಎರಡು ಪದಗಳಿಗೆ ಇನ್ನಿಲ್ಲದ ತೂಕ ಬಂದಿತ್ತು. ಬೇಸಿಗೆಯ ಮೊದಲಲ್ಲಿ ಮಂಡಳಿ, ಹುಲ್ಲುಹಾಸಿಗೆ ದಿನ ಬಿಟ್ಟು ದಿನ ನೀರು ಹಾಕಿ ಎಂದಿತು. ಆಮೇಲೆ ವಾರಕ್ಕೊಮ್ಮೆ ಎಂದಿತು. ಕೊನೆಗೆ, ಹಾಕಲೇಬೇಡಿ ಎಂದಿತು. ಮೂರು ನೋಟೀಸಿಗೂ ಬಗ್ಗದ ಮನೆಗೆ ಬಿಲ್ಲೆ. ಬಿಲ್ಲೆ ಎಂದರೆ ನಡುವೆ ಸೂಜಿಯಷ್ಟು ತೂತಿರುವ ಹಿತ್ತಾಳೆಯ ತಗಡು. ಅದನ್ನು ಮೀಟರು ಪೈಪಿಗೆ ಕೂಡುವಲ್ಲಿ ಕೂರಿಸಿ ಮೊಹರು ಹಾಕಿದರೆ ಮನೆಯ ನಲ್ಲಿಗಳೆಲ್ಲ ನೂಲಿನಷ್ಟಾಗುತ್ತವೆ, ಒಂದು ಬಕೆಟ್ ತುಂಬಲು ಒಂದು ಗಂಟೆ ಬೇಕು. ಆದರೆ ಬಿಲ್ಲೆ ಹಾಕುವ ಮುನ್ನ ಸೋರಿಕೆ ಇದೆಯೋ ಇಲ್ಲವೋ ಎಂದು ಕೇಳಿ ಬರೆಯಬೇಕು. ಇಲ್ಲವೆಂದಾದರೆ ತಪ್ಪು ಮನೆಯವರದು.

ಅವತ್ತು ನಾಲ್ಕು ಗಂಟೆಗೆ ಬಿಲ್ಲೆ ಬೀಳಬೇಕಿದ್ದುದು ಟೈಲರಮ್ಮನ ಮನೆಗೆ. ಹತ್ತು ದಿನದ ಹಿಂದೆ ಅಲ್ಲಿ ಸರಳೂರಿ, ಏನೂ ಕೇಳದೆ, "ಸೋರಿಕೆ ಇಲ್ಲ" ಎಂದು ಬರೆದು ಬಂದವನು ಕಿವಿಯಣ್ಣ. ಏನೂ ಇಲ್ಲದ್ದಕ್ಕೆ ಕೇಳಲಿಲ್ಲವೋ, ಕೇಳದ್ದಕ್ಕೆ ಏನೂ ಇಲ್ಲವೋ? ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದ.

ಕಚೇರಿಯಲ್ಲಿ ಇಂಜಿನಿಯರ್ ಮೇಡಂ ನಕಾಶೆಯ ಮೇಲೆ ಬಗ್ಗಿದ್ದರು. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೆಲಸದಲ್ಲಿ ಚುರುಕು, ಅವನ ಮೇಲೆ ಗೌರವ ಇಟ್ಟಿದ್ದವರು. ಅದೇ ಈಗ ಅಡ್ಡ ಬಂದಿತ್ತು. ಅವನು ಹೋಗಿ ಅವರ ಎದುರಿಗೇ, ಮುಖ ಕಾಣುವ ಹಾಗೆ ನಿಂತ.

"ಮೇಡಂ, ಆ ಟೈಲರಮ್ಮನ ಮನೆ. ಇನ್ನೊಂದ್ಸಲ ನೋಡೋಣ ಅಂತ."

"ಯಾಕಣ್ಣ? ನೀವೇ ಬರೆದಿದ್ದೀರಲ್ಲ."

"ಬರೆದಿದ್ದೀನಿ. ಸುಮ್ನೆ, ಇನ್ನೊಂದ್ಸಲ."

"ನಿಮ್ಮ ಬರಹಕ್ಕೆ ಇನ್ನೊಂದ್ಸಲ ಬೇಕಾ?" ಮೇಡಂ ನಕ್ಕರು. ಆಮೇಲೆ ನಗು ಬಿಟ್ಟು ಒಂದು ಹಾಳೆ ಮುಂದೆ ತಳ್ಳಿದರು. "ಇದನ್ನ ನೋಡಿ. ಆ ಮನೇಲಿ ಇಬ್ರು. ಅತ್ತೆ, ಸೊಸೆ. ಅತ್ತೆ ಹಾಸಿಗೆ ಹಿಡಿದಿದ್ದಾರೆ, ದಿನಕ್ಕೆ ಮೂರು ಸಲ ಬಟ್ಟೆ ಬದಲಾಯಿಸ್ಬೇಕು. ಮೀಟರ್ ಎಷ್ಟು ತೋರಿಸ್ತಿದೆ? ದಿನಕ್ಕೆ ತೊಂಬತ್ತು ಲೀಟರ್. ಇಬ್ರಿಗೂ ಸೇರಿ. ಹಂಗೆ ಬದುಕೋಕಾಗುತ್ತಾ? ಹೊರಗೆ ನೋಡಿದ್ರೆ ಹುಲ್ಲು ಹಚ್ಚಗೆ ನಿಂತಿದೆ. ಮೀಟರಿಗೆ ಅಯಸ್ಕಾಂತ ಇಟ್ಟು ನಿಲ್ಲಿಸ್ತಿದ್ದಾರೆ, ಬೇರೇನಿಲ್ಲ. ಇವತ್ತು ಬಿಲ್ಲೆ, ಸೋಮವಾರ ಕಳ್ಳತನದ ಕೇಸು."

ಹೇಳಿಬಿಡು, ಎಂದು ಒಳಗಿನವನು ತಿವಿದ. ಕಿವಿಯಣ್ಣ ಬಾಯಿ ತೆರೆದ. ಹೇಳಿದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು: ವೈದ್ಯರ ಪರೀಕ್ಷೆ, ಒಂದು ಚೀಟಿ, ನಾಳೆಯಿಂದ ಒಳಗೆ ಕೂತು ಅರ್ಜಿಗಳಿಗೆ ಮೊಹರು ಒತ್ತುವ ಕೆಲಸ. ಊರಿನ ನೆಲಕ್ಕೆಲ್ಲ ಕಿವಿಗೊಟ್ಟವನನ್ನು ಜನ ಕಿವುಡ ಎನ್ನುತ್ತಾರೆ.

"ಸರಿ ಮೇಡಂ. ನಾನೂ ಬರ್ತೀನಿ," ಎಂದಷ್ಟೇ ಅಂದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮೂರು ಗಂಟೆಗೆಲ್ಲ ಅವನು ಸರಳು ಹಿಡಿದು ಆ ಬೀದಿಯಲ್ಲಿದ್ದ. ಒಂದು ಕಾಲಕ್ಕೆ ಹುಲ್ಲಿನ ಅಂದಕ್ಕೆ ಜಂಬ ಪಡುತ್ತಿದ್ದ ಬೀದಿ. ಈಗ ಯಾರ ಹುಲ್ಲು ಹೆಚ್ಚು ಒಣಗಿದೆಯೋ ಅವರೇ ದೊಡ್ಡ ಮನುಷ್ಯರು. ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರಂತೂ ಒಣಗಿ ಬಿರಿದ ತಮ್ಮ ಅಂಗಳದ ನಡುವೆ, ಬಹುಮಾನ ಗೆದ್ದವರ ಹಾಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಟೈಲರಮ್ಮನ ಹುಲ್ಲಿನ ಫೋಟೋ ದಿನಾ ತೆಗೆದು ಮಂಡಳಿಗೆ ಕಳಿಸುತ್ತಿದ್ದವರು ಅವರೇ. ಆ ಒಂದು ಮನೆಯ ಮುಂದೆ ಮಾತ್ರ, ಕಾಂಪೌಂಡಿಗೆ ತಾಗಿ, ಎರಡು ಮಂಚದಷ್ಟು ಜಾಗ ಕಣ್ಣಿಗೆ ಹೊಡೆಯುವ ಹಸಿರು.

ಟೈಲರಮ್ಮ ಬಾಗಿಲು ತೆರೆದಳು. ನಲವತ್ತರ ಆಸುಪಾಸು, ಕೊರಳಲ್ಲಿ ಅಳತೆಪಟ್ಟಿ, ಸೆರಗಿಗೆ ಅಂಟಿದ ದಾರದ ಚೂರುಗಳು.

"ನಾಲ್ಕು ಗಂಟೆ ಅಂದಿದ್ರು. ಇಷ್ಟು ಬೇಗ ಬಂದ್ರಾ?"

"ಬಿಲ್ಲೆಗಲ್ಲಮ್ಮ. ಸ್ವಲ್ಪ ಒಳಗೆ ನೋಡ್ಬೇಕಿತ್ತು."

"ನೋಡಿ, ಧಾರಾಳವಾಗಿ ನೋಡಿ. ಅಯಸ್ಕಾಂತ ಹುಡುಕೋಕೆ ಬಂದಿದ್ರೆ ಹೊಲಿಗೆ ಡಬ್ಬೀಲಿ ಒಂದಿದೆ. ಬಿದ್ದ ಸೂಜಿ ಎತ್ತೋಕೆ ಇಟ್ಕೊಂಡಿದ್ದೀನಿ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಜಗಳಾಡಿ ಸುಸ್ತಾದವಳ ಮಾತು ಅದು. ಬಚ್ಚಲುಮನೆಗೆ ಕರೆದೊಯ್ದಳು. ಅಲ್ಲಿ ಗೋಡೆಗೆ ಮೂರು ಬಕೆಟ್, ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದದ್ದು. "ಒಂದನೇ ನೀರು ಅತ್ತೆ ಮೈ ಒರೆಸೋಕೆ, ಅವರ ಬಟ್ಟೆ ಕೊನೇ ಸಲ ಜಾಲಿಸೋಕೆ. ಅದು ಎರಡನೇದಕ್ಕೆ ಬೀಳುತ್ತೆ. ಎರಡನೇದ್ರಲ್ಲಿ ಬಟ್ಟೆ ನೆನೆಸ್ತೀನಿ. ಮೂರನೇದು ಕಕ್ಕಸಿಗೆ. ಅಷ್ಟೇ. ನಾನು ಸ್ನಾನ ಮಾಡೋದು ಎರಡು ದಿನಕ್ಕೊಂದ್ಸಲ, ಒಂದೂವರೆ ತಂಬಿಗೇಲಿ. ಹೆಂಗೆ ಅಂತ ತೋರಿಸೋಕಾಗಲ್ಲ."

ಕಿವಿಯಣ್ಣ ಆ ಬಕೆಟ್‌ಗಳನ್ನು ನೋಡುತ್ತ ನಿಂತ. ತೊಂಬತ್ತು ಲೀಟರು ಎಲ್ಲಿಗೆ ಹೋಗುತ್ತದೆಂದು ಅವನ ಹೆಂಡತಿಯನ್ನು ಕೇಳಿದ್ದರೂ ಹೀಗೇ, ಬೆರಳು ಮಡಿಸಿ ಹೇಳುತ್ತಿದ್ದಳು. ಹುಲ್ಲಿಗೆ ಹಾಕಲು ಈ ಮನೆಯಲ್ಲಿ ನಾಲ್ಕನೆಯ ನೀರೇ ಇರಲಿಲ್ಲ. ಇಷ್ಟು ಕಡಿಮೆ ಬಳಸಿದ್ದೇ ಇವಳ ಮೇಲಿನ ಅಪವಾದಕ್ಕೆ ಸಾಕ್ಷಿಯಾಗಿತ್ತು.

"ಆ ಹುಲ್ಲು ಕಂಡ್ರೆ ನನಗೆ ಆಗಲ್ಲ ಅಣ್ಣ," ಎಂದಳು. "ಕಿತ್ತು ಹಾಕ್ದೆ, ಬಂತು. ಉಪ್ಪು ಸುರಿದೆ, ಬಂತು. ಮೇಲೆ ಟಾರ್ಪಾಲು ಹೊದಿಸ್ದೆ, ಮುಚ್ಚಿಟ್ಟು ಬೆಳೆಸ್ತಾಳೆ ಅಂತ ಮೇಷ್ಟ್ರು ಅದರದ್ದೂ ಫೋಟೋ ತೆಗೆದ್ರು. ನನಗೆ ಬಿಲ್ಲೆ ಹಾಕ್ಲಿ, ಹೆಂಗೋ ಸುಧಾರಿಸ್ತೀನಿ. ಅತ್ತೆ ಬೆನ್ನಲ್ಲಿ ಆಗ್ಲೇ ಹುಣ್ಣಾಗಿದೆ. ಒದ್ದೆ ಬಟ್ಟೇಲಿ ಒಂದು ಗಂಟೆ ಮಲಗಿಸಿದ್ರೂ ಅದು ಬಲಿಯುತ್ತೆ. ಬಕೆಟ್ ತುಂಬೋವರೆಗೂ ಅವ್ರನ್ನ ಹಂಗೇ ಬಿಡ್ಲಾ?"

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಬಿಳಿ ಹೊದಿಕೆ, ಅದರ ಮೇಲೊಂದು ಸಣಕಲು ಕೈ ಕಂಡಿತು. ಕಿವಿಯಣ್ಣ ಕಣ್ಣು ಕೆಳಗೆ ಹಾಕಿ ಹೊರಗೆ ಬಂದ.

ಹೊರಗೆ ಮಂಡಳಿಯ ಗಾಡಿ ಬಂದು ನಿಂತಿತ್ತು. ಮೇಡಂ ಇಳಿದರು. ಫಿಟ್ಟರ್ ತನ್ನ ಚೀಲ ಬಿಚ್ಚಿ ಸ್ಪ್ಯಾನರು, ಮೊಹರಿನ ತಂತಿ, ಕಾಗದದಲ್ಲಿ ಸುತ್ತಿದ ಬಿಲ್ಲೆ, ಎಲ್ಲವನ್ನೂ ಕಾಂಪೌಂಡಿನ ಮೇಲೆ ಜೋಡಿಸಿದ. ಡ್ರಿಲ್ ಮೇಷ್ಟ್ರು ಕುರ್ಚಿ ಬಿಟ್ಟು ರಸ್ತೆ ದಾಟಿ ಬಂದರು. ಅಕ್ಕಪಕ್ಕದ ನಾಲ್ಕಾರು ಜನ ಗೇಟುಗಳಿಗೆ ಒರಗಿ ನಿಂತರು. ಫಿಟ್ಟರ್ ಮೀಟರಿನ ಮುಚ್ಚಳ ತೆಗೆದು ಮಂಡಿಯೂರಿದ.

"ಒಂದು ನಿಮಿಷ," ಎಂದ ಕಿವಿಯಣ್ಣ.

ಸರಳನ್ನು ಹುಲ್ಲಿನ ನಡುವೆ ಊರಿ, ಗುಬ್ಬಿಗೆ ಕಿವಿ ಕೊಟ್ಟ. ಏನೂ ಇಲ್ಲ. ಎಡಗಿವಿ ಕೊಟ್ಟ. ಏನೂ ಇಲ್ಲ. ಎರಡು ಹೆಜ್ಜೆ ಸರಿದು ಮತ್ತೆ ಊರಿದ. ತಲೆಯೊಳಗೆ ಹತ್ತಿ ತುರುಕಿದಂಥ ಮೌನ, ಅಷ್ಟೇ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಏನಂತೆ?" ಎಂದು ಮೇಡಂ ಅವನತ್ತ ಮುಖ ಮಾಡಿ ಕೇಳಿದರು. "ಇಲ್ಲ ತಾನೇ?"

ಆಗ ಉಳಿದದ್ದು ಒಂದೇ ದಾರಿ. ಅದು ಅವನಿಗೆ ಬೆಳಿಗ್ಗೆಯಿಂದ ಗೊತ್ತಿತ್ತು, ಬೆಳಿಗ್ಗೆಯಿಂದ ಅದನ್ನು ದೂಡುತ್ತಿದ್ದ. ಅವನಿಗೆ ಕೆಲಸ ಕಲಿಸಿದ ಮುದುಕ ಕೊನೆಗಾಲದಲ್ಲಿ ಸರಳನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ಕಿವಿ ಹೋದರೂ ಮೂಳೆ ಕೇಳುತ್ತದೆ ಎನ್ನುತ್ತಿದ್ದ. ಆಗ ತಂಡದವರೆಲ್ಲ ಮರೆಯಲ್ಲಿ ಕಿಸಕ್ಕೆಂದು ನಗುತ್ತಿದ್ದರು, ಕಿವಿಯಣ್ಣನೂ ನಕ್ಕಿದ್ದ. ಸರಳು ಕಚ್ಚಿದವನಿಗೆ ಕಿವಿಯಿಲ್ಲವೆಂದು ಮಂಡಳಿಯಲ್ಲಿ ಜವಾನನಿಗೂ ಗೊತ್ತು.

ಅವನು ಗುಬ್ಬಿಯನ್ನು ತಿರುಗಿಸಿ ಕಳಚಿ ಜೇಬಿಗೆ ಹಾಕಿಕೊಂಡ. ಹುಲ್ಲಿನ ಮೇಲೆ ಮಂಡಿಯೂರಿ, ಸರಳನ್ನು ಓರೆಯಾಗಿ ನೆಲಕ್ಕೆ ಚುಚ್ಚಿ, ತುದಿಯನ್ನು ಬಾಯಿಗಿಟ್ಟು ಕಚ್ಚಿದ.

ಫಿಟ್ಟರ್ ಕೈಯಲ್ಲಿದ್ದ ಸ್ಪ್ಯಾನರು ಅಲ್ಲೇ ನಿಂತಿತು. ಮೇಡಂ ಮುಖ ನೋಡುವ ಧೈರ್ಯ ಕಿವಿಯಣ್ಣನಿಗೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡ. ಬಾಯಲ್ಲಿ ತುಕ್ಕಿನ ರುಚಿ. ಮೊದಲು ತನ್ನದೇ ನಾಡಿ, ದವಡೆಯಲ್ಲಿ ಡಬಡಬ. ಆಮೇಲೆ ಅದರ ಕೆಳಗೆ, ಬಹಳ ಕೆಳಗೆ, ಒಂದೇ ಸಮನೆ ಗುಂಯ್‌ಗುಡುವ ಏನೋ ಒಂದು. ಇದು ನೀರೋ, ರಸ್ತೆಯಲ್ಲಿ ನಿಂತ ಗಾಡಿಯೋ?

ಸರಳು ಬಿಟ್ಟು, "ಗಾಡಿ ಆರಿಸಿ," ಎಂದ. ಆರಿಸಿದರು. ಮತ್ತೆ ಕಚ್ಚಿದ; ಗುಂಯ್ ಇತ್ತು. "ಮನೆ ವಾಲ್ವು ಮುಚ್ಚಿ." ಫಿಟ್ಟರ್ ಮುಚ್ಚಿದ. ಇನ್ನೂ ಇತ್ತು. ಮನೆಯ ಒಂದು ಹನಿಯೂ ಹರಿಯದಿದ್ದಾಗ ನೆಲದೊಳಗೆ ಹರಿಯುತ್ತಿರುವುದು ಯಾರ ನೀರು? ಅವನು ಮಂಡಿಯ ಮೇಲೆಯೇ ಸರಿಯುತ್ತ, ಮೊಳಕ್ಕೊಂದು ಸಲ ಊರಿ ಕಚ್ಚುತ್ತ ಹೋದ. ಪ್ಯಾಂಟಿನ ಮಂಡಿ ಒದ್ದೆಯಾಯಿತು, ಹಲ್ಲೊಂದರ ಬುಡದಿಂದ ರಕ್ತ ಬಂತು. ಕಾಂಪೌಂಡಿನ ಮೂಲೆಗೆ ಬಂದಾಗ ದವಡೆಯಿಂದ ಕೆನ್ನೆಗೆ, ಕೆನ್ನೆಯಿಂದ ನೆತ್ತಿಗೆ ನಡುಕ ಹತ್ತಿತು.

"ಏನಿದು ನಾಟಕ?" ಎಂದರು ಡ್ರಿಲ್ ಮೇಷ್ಟ್ರು. ಕಿವಿಯಣ್ಣನ ಕಣ್ಣು ಮುಚ್ಚಿದ್ದರಿಂದ ಆ ಮಾತು ಅವನನ್ನು ಮುಟ್ಟಲಿಲ್ಲ.

ಅವನು ಎದ್ದು ಹಿಮ್ಮಡಿಯಿಂದ ನೆಲಕ್ಕೆ ಗುರುತು ಹಾಕಿದ. "ಇಲ್ಲಿ ಅಗೀರಿ. ಮೂರಡಿಗಿಂತ ಆಳ, ನಾಲ್ಕಡಿ ಒಳಗೆ. ಬೀದಿ ಪೈಪು ಒಡೆದಿದೆ."

ಮೇಡಂ ಹತ್ತಿರ ಬಂದರು. ಅವರ ಕೈಯಲ್ಲಿ ಅವನದೇ ರುಜುವಿನ ಪುಸ್ತಕವಿತ್ತು. "ಹತ್ತು ದಿನದ ಹಿಂದೆ ಇಲ್ಲ ಅಂತ ಬರೆದಿದ್ದೀರಿ. ಹತ್ತು ದಿನದಲ್ಲಿ ಒಡೆದದ್ದಾ?"

ಹೌದು ಎಂದರೆ ಸಾಕಿತ್ತು. ತಲೆ ಆಡಿಸಿದರೂ ನಡೆಯುತ್ತಿತ್ತು. ಮೇಡಂ ತಾವಾಗಿಯೇ ಬಾಗಿಲು ತೆರೆದು ಹಿಡಿದಿದ್ದರು. ಆದರೆ ಹುಲ್ಲು ತಿಂಗಳುಗಳಿಂದ ಹಸಿರಾಗಿತ್ತು, ಮೂರು ನೋಟೀಸುಗಳ ತಾರೀಖು ಅದನ್ನು ಹೇಳುತ್ತಿತ್ತು. ಒಡೆದದ್ದು ಈಗ ಎಂದರೆ ಅಲ್ಲಿಯವರೆಗೆ ನೀರು ಹಾಕಿದ್ದು ಟೈಲರಮ್ಮ ಎಂದೇ ಆಗುತ್ತಿತ್ತು. ಅವಳು ಬಾಗಿಲಲ್ಲಿ, ಅಳತೆಪಟ್ಟಿಯ ಎರಡೂ ತುದಿ ಹಿಡಿದು ನಿಂತಿದ್ದಳು.

"ಇಲ್ಲ ಮೇಡಂ. ಆವತ್ತೂ ಒಡೆದಿತ್ತು. ನನಗೆ ಕೇಳಿಸ್ಲಿಲ್ಲ." ಬಾಯಿಯ ರಕ್ತ ಒರೆಸಿಕೊಂಡ. "ಒಂದೂವರೆ ವರ್ಷದಿಂದ ನನಗೆ ಕಿವಿ ಇಲ್ಲ. ಯಾರಿಗೂ ಹೇಳಿಲ್ಲ."

ಯಾರಾದರೂ ಏನಾದರೂ ಅಂದಿದ್ದರೆ ಅದು ಅವನಿಗೆ ತಿಳಿಯಲಿಲ್ಲ. ಮೇಡಂ ಅವನ ಮುಖವನ್ನು ದೀರ್ಘವಾಗಿ ನೋಡಿದರು. ಆಮೇಲೆ ಫಿಟ್ಟರ್ ಕಡೆ ತಿರುಗಿ ಕೈ ಸನ್ನೆ ಮಾಡಿದರು.

ಅಗೆದರು. ಎರಡಡಿಯವರೆಗೆ ಒದ್ದೆ ಮಣ್ಣು, ಮೂರಡಿಗೆ ಕೆಸರು. ನಾಲ್ಕನೆಯ ಅಡಿಗೆ ಗುದ್ದಲಿ ತಡೆಯೇ ಇಲ್ಲದೆ ಒಳಗೆ ಹೋಗಿ, ಫಿಟ್ಟರ್ ಮುಗ್ಗರಿಸಿದ. ಗುದ್ದಲಿ ಎಳೆದ ಜಾಗದಿಂದ ನೀರು ಬುಗ್ಗೆಯಾಗಿ ಎದ್ದು ಅವನ ಸೊಂಟದವರೆಗೆ ತೋಯಿಸಿತು. ಊರೆಲ್ಲ ಲೋಟದಲ್ಲಿ ಅಳೆಯುತ್ತಿದ್ದ ನೀರು ಅದು; ತಿಂಗಳುಗಟ್ಟಲೆ ಇಲ್ಲಿ ಮಣ್ಣು ಕೊರೆದುಕೊಂಡು ಹೋಗಿತ್ತು. ಡ್ರಿಲ್ ಮೇಷ್ಟ್ರು ಫೋನು ಎತ್ತಿದವರು ಫೋಟೋ ತೆಗೆಯದೆಯೇ ಜೇಬಿಗೆ ಹಾಕಿಕೊಂಡರು. ಟೈಲರಮ್ಮ ಕಟ್ಟೆಯ ಮೇಲೆ ಕುಸಿದು ಕೂತಳು, ಅತ್ತಳು, ಆಮೇಲೆ ಅಳುತ್ತಲೇ ಎದ್ದು ಒಳಗೋಡಿ ಮೂರು ಬಕೆಟ್ಟನ್ನೂ ತಂದು ಬುಗ್ಗೆಗೆ ಒಡ್ಡಿದಳು. ಬೀದಿಯವರೂ ಪಾತ್ರೆಗಳಿಗೆ ಓಡಿದರು. ಬೀದಿಯ ವಾಲ್ವು ಮುಚ್ಚಿ ನೀರು ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು.

ಫಿಟ್ಟರ್ ಬಿಲ್ಲೆಯನ್ನು ಮತ್ತೆ ಕಾಗದದಲ್ಲಿ ಸುತ್ತುವಾಗ ಟೈಲರಮ್ಮ ಕಿವಿಯಣ್ಣನ ಎದುರಿಗೆ ಬಂದು ನಿಂತಳು. ಕೈಮುಗಿಯುತ್ತಾಳೆಂದು ಅವನು ಅಂದುಕೊಂಡ. ಅವಳು ಹಾಗೇನೂ ಮಾಡಲಿಲ್ಲ.

"ಒಂದೂವರೆ ವರ್ಷ ಅಂದ್ರಲ್ಲ," ಎಂದಳು, ಅವನಿಗೆ ಕಾಣುವ ಹಾಗೆ ತುಟಿ ಬಿಡಿಸಿ. "ನನ್ನ ಹಾಗೆ ಇನ್ನೆಷ್ಟು ಮನೆ?"

ಮೇಡಂ ಪುಸ್ತಕ ತೆರೆದರು. ಕಿವಿಯಣ್ಣನಿಗೆ ಪುಸ್ತಕ ಬೇಕಿರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಅದನ್ನೇ ಎಣಿಸಿದ್ದ.

"ಈ ಬೇಸಿಗೇಲಿ ಏಳು," ಎಂದ. "ಏಳಕ್ಕೂ ಬಿಲ್ಲೆ ಬಿದ್ದಿದೆ."

ಟೈಲರಮ್ಮ ತುಂಬಿದ ಬಕೆಟ್ ಎತ್ತಿಕೊಂಡು ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ಅತ್ತೆಯ ಬಟ್ಟೆ ಬದಲಾಯಿಸುವ ಹೊತ್ತಾಗಿತ್ತು.

"ನಾಳೆ ಬೆಳಿಗ್ಗೆ ಯಂತ್ರ ತರಿಸ್ತೀನಿ," ಎಂದರು ಮೇಡಂ. "ನೀವು ಮನೆಗೆ ಹೋಗಿ. ಮಿಕ್ಕಿದ್ದು ಕಚೇರೀಲಿ ಮಾತಾಡೋಣ."

"ಮೇಡಂ, ನನಗೆ ಏನು ಮಾಡ್ತೀರೋ ನಾಳೆ ಮಾಡಿ. ಬೆಳಕು ಇನ್ನೂ ಒಂದು ಗಂಟೆ ಇದೆ. ಮೊದಲನೇ ಮನೆ ಇಲ್ಲಿಂದ ಎರಡು ಬೀದಿ ಆಚೆ." ಸರಳಿನ ತುದಿಯ ರಕ್ತವನ್ನು ಅಂಗಿಗೆ ಒರೆಸಿದ. "ಹಲ್ಲು ಇನ್ನೂ ಇವೆ."

ಮೇಡಂ ಮುಂದೆ ಹತ್ತಿದರು. ಗಾಡಿಯ ಹಿಂದಿನ ಬಾಗಿಲು ತೆರೆದೇ ಇತ್ತು. ಅವನು ಹತ್ತಿ ಕೂತ.

ಎರಡು ಬೀದಿಯ ಆಚೆಯ ಮನೆಗೆ ಬಿಲ್ಲೆ ಬಿದ್ದು ಇಪ್ಪತ್ತಾರು ದಿನವಾಗಿತ್ತು. ಅದಕ್ಕೆ ಮುಂಚೆ ಸೋರಿಕೆ ಕೇಳಲು ಹೋದಾಗ ಆ ಮನೆಯ ಯಜಮಾನ ಮೀಟರಿನ ಹತ್ತಿರ ಬಗ್ಗಿದ್ದ ಕಿವಿಯಣ್ಣನ ಬೆನ್ನ ಹಿಂದೆ ಬಹಳ ಹೊತ್ತು ಏನೋ ಹೇಳಿದ್ದ. ಏನೆಂದು ಕಿವಿಯಣ್ಣನಿಗೆ ತಿಳಿದಿರಲಿಲ್ಲ. ತಿರುಗಿ ನೋಡಿದಾಗ ಆ ಮನುಷ್ಯನ ಮಾತು ಮುಗಿದಿತ್ತು, ಮುಖ ಕೆಂಪಾಗಿತ್ತು. "ಆಯ್ತು ಆಯ್ತು," ಎಂದು ಹೇಳಿ ರುಜು ಹಾಕಿ ಬಂದಿದ್ದ.

ಬಾಗಿಲು ತೆರೆದವನು ಅದೇ ಯಜಮಾನ. ಕಂಡ ಕೂಡಲೇ ಗುರುತು ಹಿಡಿದ. ಕೆನ್ನೆ ಬಿಗಿಯಿತು, ತುಟಿಗಳು ಸರಸರನೆ ಓಡತೊಡಗಿದವು, ನಡುವೆ ಕೈ ಒಳಗಡೆಗೆ, ಮೀಟರಿನ ಕಡೆಗೆ, ಮತ್ತೆ ಒಳಗಡೆಗೆ ತೋರಿಸಿತು.

ಕಿವಿಯಣ್ಣ ಸರಳನ್ನು ಗೋಡೆಗೆ ಒರಗಿಸಿ, ಒಂದು ಹೆಜ್ಜೆ ಹತ್ತಿರ ಹೋದ.

"ಯಜಮಾನ್ರೇ, ಆವತ್ತು ಹೇಳಿದ್ದನ್ನ ಮೊದಲಿಂದ ಹೇಳಿ," ಎಂದ. "ನಿಧಾನವಾಗಿ, ನನ್ನ ಮುಖ ನೋಡ್ಕೊಂಡು ಹೇಳಿ. ನನಗೆ ಕಿವಿ ಕೇಳಲ್ಲ."